ಎರಡನೆಯ ಹಾರ್ಡ್ ಡಿಸ್ಕ್: ಜಂಪರ್‌ನಿಂದ ಸಾಟಾವರೆಗೆ

1981ರಲ್ಲಿ ಐಬಿಎಂ ಮಾರುಕಟ್ಟೆಗೆ ತಂದ ಮೊದಲ ಪಿಸಿಯಲ್ಲಿ ಹಾರ್ಡ್ ಡಿಸ್ಕ್ ಇರಲಿಲ್ಲ. ಎ ಮತ್ತು ಬಿ ಎಂಬ ಅಕ್ಷರಗಳು ಫ್ಲಾಪಿ ಡ್ರೈವ್‌ಗಳಿಗೆ ಮೀಸಲಾಗಿದ್ದವು. 1983ರ ಪಿಸಿ ಎಕ್ಸ್‌ಟಿಯೊಂದಿಗೆ 10 ಮೆಗಾಬೈಟ್‌ನ ಹಾರ್ಡ್ ಡಿಸ್ಕ್ ಬಂದು ಸಿ ಎಂಬ ಅಕ್ಷರ ಪಡೆಯಿತು. ಆ ಕಾಲದ ಹಾರ್ಡ್ ಡಿಸ್ಕ್ ದುಬಾರಿ ವಸ್ತು. ದೊಡ್ಡ ಡಿಸ್ಕ್ ಕೊಂಡವರಿಗೂ ಹಳೆಯದನ್ನು ಎಸೆಯಲು ಮನಸ್ಸು ಬರುತ್ತಿರಲಿಲ್ಲ. ಅದನ್ನು ಅದೇ ಪೆಟ್ಟಿಗೆಯಲ್ಲಿ ಎರಡನೆಯದಾಗಿ ಕೂರಿಸುವ ರೂಢಿ ಹೀಗೆ ಬೆಳೆಯಿತು.

ಆರಂಭದಲ್ಲಿ ಈ ಕೆಲಸ ಸುಲಭವಿರಲಿಲ್ಲ. ಸೀಗೇಟ್ ಕಂಪನಿಯ ಎಸ್‌ಟಿ-506 ಡ್ರೈವ್‌ನಿಂದ ಬಳಕೆಗೆ ಬಂದ ಪದ್ಧತಿಯಲ್ಲಿ ಡಿಸ್ಕನ್ನು ನಿಯಂತ್ರಿಸುವ ಕಾರ್ಡ್ ಬೇರೆಯೇ ಇರುತ್ತಿತ್ತು. ಆಜ್ಞೆಗಳನ್ನು ಒಯ್ಯುವ 34 ತಂತಿಯ ಅಗಲ ಕೇಬಲ್ ಎರಡೂ ಡ್ರೈವ್‌ಗಳಿಗೆ ಒಂದೇ. ದತ್ತಾಂಶದ 20 ತಂತಿಯ ಕೇಬಲ್ ಮಾತ್ರ ಪ್ರತಿಯೊಂದಕ್ಕೂ ಬೇರೆ. ಸಂಕೇತ ಕೇಬಲ್‌ನಲ್ಲಿ ಹಿಂದಿರುಗದಂತೆ ತಡೆಯುವ ಟರ್ಮಿನೇಟರನ್ನು ಕೇಬಲ್‌ನ ಕೊನೆಯಲ್ಲಿರುವ ಡ್ರೈವ್‌ನಲ್ಲಷ್ಟೇ ಉಳಿಸಿ, ಇನ್ನೊಂದರಿಂದ ಕಿತ್ತು ತೆಗೆಯಬೇಕಿತ್ತು. ಡಿಸ್ಕನ್ನು ಬೇರೆ ಬಗೆಯ ಕಾರ್ಡಿಗೆ ಜೋಡಿಸಿದರೆ ಅದರಲ್ಲಿದ್ದ ಮಾಹಿತಿ ಓದಲು ಸಿಗದೆ, ಮತ್ತೆ ತಳಮಟ್ಟದಿಂದ ಫಾರ್ಮ್ಯಾಟ್ ಮಾಡಬೇಕಾಗುತ್ತಿದ್ದುದೂ ಉಂಟು.

1986ರ ಸುಮಾರಿಗೆ ಕಾಂಪ್ಯಾಕ್ ಮತ್ತು ವೆಸ್ಟರ್ನ್ ಡಿಜಿಟಲ್ ಕಂಪನಿಗಳ ಪ್ರಯತ್ನದಿಂದ ಐಡಿಇ ಪದ್ಧತಿ ಬಂತು. ನಿಯಂತ್ರಕ ಡ್ರೈವ್‌ನ ಮೈಮೇಲೆಯೇ ಸೇರಿತು. 40 ಪಿನ್‌ನ ಒಂದೇ ಕೇಬಲ್‌ಗೆ ಎರಡು ಡ್ರೈವ್ ಸಿಕ್ಕಿಸಬಹುದಾಯಿತು. ಆದರೆ ಕಂಪ್ಯೂಟರ್ ಕಳಿಸಿದ ಆಜ್ಞೆ ಎರಡಕ್ಕೂ ತಲುಪುತ್ತಿದ್ದುದರಿಂದ, ಅದು ಯಾರಿಗೆ ಸೇರಿದ್ದೆಂದು ಮೊದಲೇ ಗೊತ್ತಿರಬೇಕಿತ್ತು. ಅದಕ್ಕಾಗಿ ಡ್ರೈವ್‌ನ ಹಿಂಬದಿಯಲ್ಲಿ, ಡೇಟಾ ಕೇಬಲ್ ಮತ್ತು ವಿದ್ಯುತ್ ಸಂಪರ್ಕದ ನಡುವೆ, ಸಣ್ಣ ಪಿನ್‌ಗಳ ಸಾಲು ಇರುತ್ತಿತ್ತು. ಎರಡು ಪಿನ್‌ಗಳನ್ನು ಬೆಸೆಯುವ ಉಗುರಿಗಿಂತ ಚಿಕ್ಕ ತುಂಡೇ ಜಂಪರ್. ಅದನ್ನು ಎಲ್ಲಿ ಸಿಕ್ಕಿಸಬೇಕೆಂಬ ಚಿತ್ರವನ್ನು ಹೆಚ್ಚಿನ ಡ್ರೈವ್‌ಗಳ ಮೇಲಿನ ಚೀಟಿಯಲ್ಲೇ ಅಚ್ಚು ಹಾಕಿರುತ್ತಿದ್ದರು. ಹೊಸದನ್ನು ಮಾಸ್ಟರ್ (ಮೊದಲನೆಯದು), ಹಳೆಯದನ್ನು ಸ್ಲೇವ್ (ಎರಡನೆಯದು) ಮಾಡುವುದು ವಾಡಿಕೆ. ಎರಡೂ ಮಾಸ್ಟರ್ ಆಗಿಬಿಟ್ಟರೆ ಒಂದು ಕಾಣಿಸುತ್ತಿರಲಿಲ್ಲ, ಕೆಲವೊಮ್ಮೆ ಎರಡೂ ಕಾಣಿಸುತ್ತಿರಲಿಲ್ಲ. ಮುಂದೆ 80 ತಂತಿಯ ಕೇಬಲ್ ಬಂದಾಗ ನೀಲಿ ತುದಿ ಮದರ್‌ಬೋರ್ಡಿಗೆ, ಕಪ್ಪು ತುದಿ ಮಾಸ್ಟರ್‌ಗೆ, ನಡುವಿನ ಬೂದು ಬಣ್ಣದ್ದು ಸ್ಲೇವ್‌ಗೆ ಎಂದು ಗೊತ್ತಾಯಿತು. ಜಂಪರನ್ನು ಕೇಬಲ್ ಸೆಲೆಕ್ಟ್ ಸ್ಥಾನದಲ್ಲಿಟ್ಟರೆ ಜಾಗವೇ ಪಾತ್ರವನ್ನು ನಿರ್ಧರಿಸುತ್ತಿತ್ತು.

ತಂತಿ ಸರಿಯಾದ ಮೇಲೂ ಅಕ್ಷರಗಳ ತೊಡಕು ಉಳಿಯುತ್ತಿತ್ತು. ಆಗಿನ ಆಪರೇಟಿಂಗ್ ಸಿಸ್ಟಂ ಆದ ಡಾಸ್ ಮೊದಲು ಪ್ರತಿ ಡಿಸ್ಕಿನ ಪ್ರೈಮರಿ ಪಾರ್ಟಿಷನ್‌ಗೆ ಅಕ್ಷರ ಕೊಟ್ಟು, ಆಮೇಲಷ್ಟೇ ಉಳಿದ ಭಾಗಗಳತ್ತ ತಿರುಗುತ್ತಿತ್ತು. ಮೊದಲ ಡಿಸ್ಕಿನಲ್ಲಿ ಸಿ ಮತ್ತು ಡಿ ಭಾಗಗಳಿದ್ದಾಗ ಹಳೆಯ ಡಿಸ್ಕ್ ಸೇರಿಸಿದರೆ, ಅದರ ಪ್ರೈಮರಿ ಪಾರ್ಟಿಷನ್ ಡಿ ಆಗಿ, ಮೊದಲಿನ ಡಿ ಭಾಗ ಇ ಆಗುತ್ತಿತ್ತು. ಡಿಯಲ್ಲಿ ಹಾಕಿದ್ದ ಪ್ರೋಗ್ರಾಂಗಳು ತಮ್ಮ ಕಡತ ಸಿಗದೆ ನಿಲ್ಲುತ್ತಿದ್ದವು. ತಿಳಿದವರು ಎರಡನೆಯ ಡಿಸ್ಕಿನಲ್ಲಿ ಎಕ್ಸ್‌ಟೆಂಡೆಡ್ ಪಾರ್ಟಿಷನ್ ಮಾತ್ರ ಮಾಡಿ ಇದನ್ನು ತಪ್ಪಿಸುತ್ತಿದ್ದರು. ಒಮ್ಮೆ ಕೊಟ್ಟ ಅಕ್ಷರವನ್ನು ನೆನಪಿಟ್ಟುಕೊಳ್ಳುವ ವಿಂಡೋಸ್ ಎನ್‌ಟಿ ವಂಶದ ವ್ಯವಸ್ಥೆಗಳು ಮನೆಮನೆಗೆ ಬಂದ ಮೇಲೆ ಈ ಕಾಟ ತಗ್ಗಿತು.

ಗಾತ್ರದ ಮಿತಿಗಳೂ ಕಾಡಿದವು. ಹಳೆಯ ಬಯೋಸ್‌ಗಳು 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್‌ಗಳಾಚೆ ಎಣಿಸಲಾರದೆ ಸುಮಾರು 528 ಮೆಗಾಬೈಟ್‌ಗೆ ನಿಲ್ಲುತ್ತಿದ್ದವು. ಮುಂದೆ 8.4 ಗಿಗಾಬೈಟ್, 137 ಗಿಗಾಬೈಟ್ ಎಂದು ಒಂದೊಂದೇ ಗೋಡೆ ಎದುರಾಗಿ ಒಂದೊಂದೇ ಬಿತ್ತು.

2003ರಿಂದ ಬಂದ ಸಾಟಾ ಎಂಬ ಜೋಡಣೆ ಪದ್ಧತಿ, ಜಂಪರ್‌ನ ಜಗಳವನ್ನೇ ಮುಗಿಸಿತು. ಒಂದು ಡ್ರೈವ್‌ಗೆ ಒಂದು ಕೇಬಲ್. ಏಳು ಪಿನ್‌ನ ತೆಳು ತಂತಿ. ಮಾಸ್ಟರ್, ಸ್ಲೇವ್ ಭೇದವಿಲ್ಲ. ಮುಂದಿನ ದಶಕದಲ್ಲಿ ಎಸ್‌ಎಸ್‌ಡಿ ಅಗ್ಗವಾಗತೊಡಗಿದಾಗ ಹಳೆಯ ಹಾರ್ಡ್ ಡಿಸ್ಕಿಗೆ ಹೊಸ ಕೆಲಸ ಸಿಕ್ಕಿತು: ಆಪರೇಟಿಂಗ್ ಸಿಸ್ಟಂ ಎಸ್‌ಎಸ್‌ಡಿಯಲ್ಲಿ, ಫೋಟೊ ಮತ್ತು ವಿಡಿಯೊ ಹಳೆಯ ಡಿಸ್ಕಿನಲ್ಲಿ. ಲ್ಯಾಪ್‌ಟಾಪ್‌ಗಳಲ್ಲಿ ಡಿವಿಡಿ ಡ್ರೈವ್ ತೆಗೆದು ಅದರ ಜಾಗಕ್ಕೆ ಡಿಸ್ಕ್ ಕೂರಿಸುವ ಚೌಕಟ್ಟುಗಳೂ ಬಂದವು.

ಈಗ ಜೋಡಣೆಗೆ ಬೇಕಾದದ್ದು ಎರಡು ತಂತಿ, ನಾಲ್ಕು ಸ್ಕ್ರೂ. ಹಳೆಯ ಡಿಸ್ಕಿನಲ್ಲಿ ಹಿಂದಿನ ವಿಂಡೋಸ್ ಉಳಿದಿದ್ದರೆ ಬಯೋಸ್‌ನಲ್ಲಿ ಬೂಟ್ ಕ್ರಮ ಸರಿಪಡಿಸಿಕೊಳ್ಳಬೇಕು, ಅಷ್ಟೆ. ಆದರೆ ತಿರುಗುವ ತಟ್ಟೆ, ಅದರ ಮೇಲೆ ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ತೇಲುವ ಹೆಡ್ ಸವೆಯುವುದು ಇಂದಿಗೂ ತಪ್ಪಿಲ್ಲ. ಡಿಸ್ಕ್ ತನ್ನ ಆರೋಗ್ಯವನ್ನು ತಾನೇ ದಾಖಲಿಸುವ ಸ್ಮಾರ್ಟ್ ವ್ಯವಸ್ಥೆಯಲ್ಲಿ ಕೆಟ್ಟ ಸೆಕ್ಟರ್‌ಗಳ ಸಂಖ್ಯೆ ಏರುತ್ತಿದ್ದರೆ ಅಂಥ ಡಿಸ್ಕನ್ನು ನಂಬುವಂತಿಲ್ಲ. ಸಂಖ್ಯೆ ಏರದಿದ್ದರೂ ಖಾತರಿಯಿಲ್ಲ. ಆದ್ದರಿಂದ ಹಳೆಯ ಡಿಸ್ಕ್ ಎರಡನೆಯ ಪ್ರತಿಗೆ ಒಳ್ಳೆಯ ಜಾಗ. ಇರುವ ಒಂದೇ ಪ್ರತಿಯನ್ನು ಅದರಲ್ಲಿಡಬಾರದು.