ಹೇರುಕುದುರೆ (ಅಮೆರಿಕದ ಪಶ್ಚಿಮ ಪರ್ವತಗಳಲ್ಲಿ)

ಹೇರುಕುದುರೆ: ಗಾಡಿ, ಮೋಟಾರು ಹೋಗಲಾರದ ಕಾಡುಬೆಟ್ಟಗಳಿಗೆ ಡೇರೆ, ದಿನಸಿ, ಸಲಕರಣೆಗಳನ್ನು ಒಯ್ಯುವುದಕ್ಕೂ ಅಲ್ಲಿಂದ ಬೇಟೆಯ ಮಾಂಸವನ್ನು ಹೊರತರುವುದಕ್ಕೂ ಬಳಸುವ ಕುದುರೆ. ಅಮೆರಿಕ ಸಂಯುಕ್ತ ಸಂಸ್ಥಾನದ ರಾಕಿ ಪರ್ವತ ಮತ್ತು ಸಿಯೆರಾ ನೆವಾಡ ಪ್ರದೇಶಗಳಲ್ಲಿ ಈ ಕಸುಬು ಇಂದಿಗೂ ಬಳಕೆಯಲ್ಲಿದೆ. ಕುದುರೆಯ ಜೊತೆಗೆ ಹೇಸರಗತ್ತೆಯನ್ನೂ ಇದಕ್ಕೆ ಬಳಸುತ್ತಾರೆ.

ಮೂಲ

ಉತ್ತರ ಅಮೆರಿಕದ ಮೂಲ ಕುದುರೆಗಳು ಸುಮಾರು 10,000 ವರ್ಷಗಳ ಹಿಂದೆಯೇ ಅಳಿದುಹೋಗಿದ್ದವು. ಬಯಲುಸೀಮೆಯ ಮೂಲನಿವಾಸಿಗಳು ಎರಡು ಕೋಲುಗಳ ಚೌಕಟ್ಟಿಗೆ ಸಾಮಾನು ಕಟ್ಟಿ ನಾಯಿಗಳಿಂದ ಎಳೆಸುತ್ತಿದ್ದರು. 1519ರಲ್ಲಿ ಎರ್ನಾನ್ ಕೊರ್ಟೆಸ್ ಮೆಕ್ಸಿಕೊಕ್ಕೆ ಕುದುರೆಗಳನ್ನು ತಂದ. ಸ್ಪೇನಿನವರ ನೆಲೆಗಳಿಂದ ಅವು ಉತ್ತರಕ್ಕೆ ಹಬ್ಬಿದವು. 18ನೇ ಶತಮಾನದ ಹೊತ್ತಿಗೆ ಶೊಶೊನಿ, ನೆಜ್ ಪರ್ಸ್ ಜನರು ಕುದುರೆ ಸಾಕಣೆಯಲ್ಲಿ ನುರಿತಿದ್ದರು.

ಹೇರು ಕಟ್ಟುವ ವಿದ್ಯೆಯೂ ಬಂದದ್ದು ಸ್ಪ್ಯಾನಿಷ್-ಮೆಕ್ಸಿಕನ್ ಮೂಲದಿಂದಲೇ. ಪ್ರಾಣಿಯ ಬೆನ್ನಿನ ಎರಡೂ ಬದಿಗೆ ಇಳಿಯುವ, ಹುಲ್ಲು ತುಂಬಿದ ತೊಗಲಿನ ಮೆತ್ತೆಗೆ ‘ಅಪರೇಹೊ’ ಎಂದು ಹೆಸರು. ಕೊರಳಿಗೆ ಗಂಟೆ ಕಟ್ಟಿದ ಹೆಣ್ಣುಕುದುರೆಯನ್ನು ಮುಂದೆ ಬಿಟ್ಟರೆ ಹೇಸರಗತ್ತೆಗಳು ಅದರ ಬೆನ್ನುಬಿಡದೆ ಸಾಗುತ್ತವೆ ಎಂಬುದನ್ನೂ ಮೆಕ್ಸಿಕೊದ ಹೇರುಗಾರರು ಕಂಡುಕೊಂಡಿದ್ದರು.

19ನೇ ಶತಮಾನ

1805ರ ಆಗಸ್ಟ್‌ನಲ್ಲಿ ಲೂಯಿಸ್ ಮತ್ತು ಕ್ಲಾರ್ಕ್ ಅನ್ವೇಷಣಾ ತಂಡ ಶೊಶೊನಿ ಜನರಿಂದ ಕುದುರೆಗಳನ್ನು ಕೊಂಡು ಬಿಟರ್‌ರೂಟ್ ಪರ್ವತಗಳನ್ನು ದಾಟಲು ಹೊರಟಿತು. ಸೆಪ್ಟೆಂಬರ್ 15ರಂದು ಕ್ಲಾರ್ಕನ ಬರೆಯುವ ಮೇಜನ್ನು ಹೊತ್ತ ಕುದುರೆ ಇಳಿಜಾರಿನಲ್ಲಿ ಸುಮಾರು 40 ಗಜ ಉರುಳಿ ಮರವೊಂದಕ್ಕೆ ತಗುಲಿ ನಿಂತಿತು. ಮೇಜು ಮುರಿಯಿತು, ಕುದುರೆಗೆ ಹೆಚ್ಚು ಪೆಟ್ಟಾಗಲಿಲ್ಲ. ಆಹಾರ ತೀರಿದಾಗ ತಂಡದವರು ಕುದುರೆಮರಿಗಳನ್ನೇ ಕೊಂದು ತಿಂದರು.

1825ರಿಂದ 1840ರವರೆಗೆ ತುಪ್ಪಳ ವ್ಯಾಪಾರಿಗಳು ರಾಕಿ ಪರ್ವತ ಪ್ರದೇಶದಲ್ಲಿ ವರ್ಷಕ್ಕೊಮ್ಮೆ ಸಂತೆ ಕೂಡುತ್ತಿದ್ದರು. ಮದ್ದುಗುಂಡು, ಸಕ್ಕರೆ, ಬಟ್ಟೆ ಹೇರಿಕೊಂಡು ಬಂದ ಪ್ರಾಣಿಗಳ ಸಾಲು ಬೀವರ್ ತುಪ್ಪಳ ಹೊತ್ತು ಹಿಂದಿರುಗುತ್ತಿತ್ತು. 1870ರ ದಶಕದಲ್ಲಿ ಅಪಾಚೆಗಳ ವಿರುದ್ಧದ ಕಾರ್ಯಾಚರಣೆಯಲ್ಲಿ ಜನರಲ್ ಜಾರ್ಜ್ ಕ್ರೂಕ್ ಗಾಡಿಗಳ ಬದಲು ಹೇಸರಗತ್ತೆಗಳನ್ನು ನೆಚ್ಚಿಕೊಂಡ. ಅನುಭವಿ ಹೇರುಗಾರರನ್ನು ಆರಿಸಿ ಸೇರಿಸಿಕೊಂಡು ಸೈನ್ಯದ ಸಾಗಣೆಗೆ ಒಂದು ಶಿಸ್ತು ತಂದ.

ಜೀನು ಮತ್ತು ಹೇರು

ಹೇರುಜೀನುಗಳಲ್ಲಿ ಎರಡು ಬಗೆ ಪ್ರಸಿದ್ಧ. ಹಳೆಯದಾದ ‘ಸಾಬಕ್’ ಜೀನಿನಲ್ಲಿ ಮರದ ಎರಡು ಕತ್ತರಿಗಾಲುಗಳಿದ್ದು, ಅವುಗಳಿಗೆ ಪೆಟ್ಟಿಗೆ, ಚೀಲಗಳನ್ನು ತೂಗುಹಾಕುತ್ತಾರೆ. 20ನೇ ಶತಮಾನದ ಆರಂಭದಲ್ಲಿ ಐಡಾಹೊದಲ್ಲಿ ರೂಪುಗೊಂಡ ‘ಡೆಕ್ಕರ್’ ಜೀನಿನಲ್ಲಿ ಕಬ್ಬಿಣದ ಕಮಾನುಗಳಿವೆ. ಕ್ಯಾನ್ವಾಸಿನಲ್ಲಿ ಸುತ್ತಿದ ಯಾವ ಆಕಾರದ ಮೂಟೆಯನ್ನೂ ಅವುಗಳಿಗೆ ಹಗ್ಗದಿಂದ ಬಿಗಿಯಬಹುದು. ಸಾಬಕ್ ಜೀನಿನ ಹೇರಿನ ಮೇಲೆ ಹಗ್ಗ ವಜ್ರಾಕೃತಿಯಲ್ಲಿ ಹಾಯುವಂತೆ ಹಾಕುವ ‘ಡೈಮಂಡ್’ ಕಟ್ಟು ಹೇರುಗಾರನ ಕೈಚಳಕಕ್ಕೆ ಒರೆಗಲ್ಲು.

ಭಾರ ಎಷ್ಟು ಎಂಬುದಕ್ಕಿಂತ ಎರಡು ಬದಿ ಸಮವಾಗಿವೆಯೇ ಎಂಬುದೇ ಮುಖ್ಯ. ಪ್ರಾಣಿಯ ಮೈತೂಕದ ಐದನೇ ಒಂದು ಭಾಗದಷ್ಟು ಹೇರುವುದು ವಾಡಿಕೆ. ಒಂದು ಬದಿ ಕೊಂಚ ವಾಲಿದರೂ ಜೀನು ಜಾರುತ್ತದೆ, ಬೆನ್ನು ಹುಣ್ಣಾಗುತ್ತದೆ. ಅದಕ್ಕಾಗಿ ಪ್ರತಿ ಮೂಟೆಯನ್ನೂ ತಕ್ಕಡಿಯಲ್ಲಿ ತೂಗಿಯೇ ಹೇರುತ್ತಾರೆ.

ಬೇಟೆಯ ಸಾಗಣೆ

ಬೆಳೆದ ಗಂಡು ಎಲ್ಕ್ ಜಿಂಕೆ 300 ಕಿಲೊಗ್ರಾಮಿನಷ್ಟು ತೂಗುತ್ತದೆ. ಅದನ್ನು ನಾಲ್ಕು ಭಾಗ ಮಾಡಿ, ಗಾಳಿಯಾಡುವ ಬಟ್ಟೆಚೀಲಗಳಲ್ಲಿ ಆರಿಸಿ, ಸಾಮಾನ್ಯವಾಗಿ ಎರಡು ಕುದುರೆಗಳ ಮೇಲೆ ತರುತ್ತಾರೆ. ಕವಲುಗೊಂಬನ್ನು ಕೊನೆಗೆ ಮೇಲಿಟ್ಟು, ತುದಿಗಳು ಪ್ರಾಣಿಯ ಮೈಗೆ ಚುಚ್ಚದಂತೆ ಕಟ್ಟಬೇಕು. ರಕ್ತದ ವಾಸನೆಗೆ ಕುದುರೆ ಬೆದರುವುದುಂಟು. ಹಸಿ ಚರ್ಮವನ್ನು ಮೂಸಲು ಬಿಟ್ಟು ಮೊದಲೇ ರೂಢಿ ಮಾಡಿಸುತ್ತಾರೆ. ಬೇಟೆಯ ಋತುವಿನಲ್ಲಿ ಕುದುರೆಯನ್ನೇ ಜಿಂಕೆಯೆಂದು ಭ್ರಮಿಸಿ ಯಾರೂ ಗುಂಡು ಹಾರಿಸದಿರಲೆಂದು ಹೊಳೆಯುವ ಕಿತ್ತಳೆ ಬಣ್ಣದ ಬಟ್ಟೆ ತೊಡಿಸುವುದುಂಟು.

ಅರಣ್ಯ ಸೇವೆ ಮತ್ತು ಕಾನೂನು

1905ರಲ್ಲಿ ಸ್ಥಾಪನೆಯಾದ ಅಮೆರಿಕದ ಅರಣ್ಯ ಸೇವೆ ಕಾಡ್ಗಿಚ್ಚಿನ ಕಾವಲು ಗೋಪುರಗಳಿಗೂ ಬೆಂಕಿ ಆರಿಸುವವರಿಗೂ ಸಾಮಗ್ರಿ ಒದಗಿಸಲು ಹೇರುಪ್ರಾಣಿಗಳನ್ನೇ ಅವಲಂಬಿಸಿತ್ತು. ಇದಕ್ಕೆಂದೇ ಮೊಂಟಾನದ ನೈನ್‌ಮೈಲ್‌ನಲ್ಲಿ 1930ರಲ್ಲಿ ಒಂದು ಡಿಪೋ ತೆರೆಯಿತು. 1940ರಲ್ಲಿ ಪ್ಯಾರಾಚೂಟ್‌ನಿಂದ ಧುಮುಕಿ ಬೆಂಕಿ ಆರಿಸುವ ಪದ್ಧತಿ ಶುರುವಾಯಿತು, ಕಾಡಿನ ರಸ್ತೆಗಳೂ ಹೆಚ್ಚಿದವು. 1953ರಲ್ಲಿ ಡಿಪೋ ಮುಚ್ಚಿತು.

ಯಂತ್ರಗಳಿಂದ ಮೂಲೆಗೆ ಸರಿದ ಕಸುಬನ್ನು ಉಳಿಸಿದ್ದು 1964ರ ವನ್ಯಪ್ರದೇಶ ಕಾಯಿದೆ. ಅದು ಗುರುತಿಸಿದ ಪ್ರದೇಶಗಳಲ್ಲಿ ಮೋಟಾರು ವಾಹನ, ಯಾಂತ್ರಿಕ ಸಾಗಣೆಗಳಿಗೆ ಸಾಮಾನ್ಯವಾಗಿ ಅವಕಾಶವಿಲ್ಲ. ಮೊಂಟಾನದ ಬಾಬ್ ಮಾರ್ಷಲ್‌ನಂಥ ವನ್ಯಪ್ರದೇಶಗಳಲ್ಲಿ ಕಾಲುದಾರಿ ದುರಸ್ತಿಯ ಸಾಮಾನು ಇಂದಿಗೂ ಕುದುರೆ, ಹೇಸರಗತ್ತೆಗಳ ಬೆನ್ನ ಮೇಲೇ ಹೋಗುತ್ತದೆ.

ಕುದುರೆಗಳಿಂದ ಹುಲ್ಲುಗಾವಲು ತುಳಿತಕ್ಕೆ ಸಿಕ್ಕುತ್ತದೆ, ಕಟ್ಟಿದ ಮರದ ಬೇರು ಸವೆಯುತ್ತದೆ ಎಂಬ ಆಕ್ಷೇಪಗಳಿವೆ. ಹೀಗಾಗಿ ಹಲವೆಡೆ ಪ್ರಾಣಿಗಳ ಸಂಖ್ಯೆಗೆ ಮಿತಿಯಿದೆ, ಕಳೆಬೀಜವಿಲ್ಲದ ಮೇವು ಕಡ್ಡಾಯವಾಗಿದೆ. ಮರದ ಬುಡಕ್ಕೆ ಕಟ್ಟುವ ಬದಲು, ತೊಗಟೆ ಕೊರೆಯದಂತೆ ಅಗಲ ಪಟ್ಟಿ ಸುತ್ತಿ ಎರಡು ಮರಗಳ ನಡುವೆ ಎತ್ತರದಲ್ಲಿ ಎಳೆದ ಹಗ್ಗಕ್ಕೆ ಕುದುರೆಗಳನ್ನು ಕಟ್ಟುವುದು ಈಗಿನ ರೂಢಿ.