ಬ್ಯಾಡ್ಜ್ ಬೇರೆ, ಎಚ್ಚರಿಕೆ ಬೇರೆ: ಮೊಬೈಲ್ ಆಪ್‌ಗಳಲ್ಲಿ ಸೂಚನೆಗಳ ನಿರ್ವಹಣೆ

ಮೊಬೈಲ್ ಪರದೆಯಲ್ಲಿ ಆಪ್‌ನ ಚಿತ್ರದ ಮೂಲೆಗೆ ಅಂಟಿಕೊಂಡು ಕಾಣುವ ಕೆಂಪು ಅಂಕಿಗೆ ‘ಬ್ಯಾಡ್ಜ್’ ಎಂದು ಹೆಸರು. ಸದ್ದು ಅಥವಾ ಕಂಪನದೊಡನೆ ಪರದೆಯ ಮೇಲ್ತುದಿಯಿಂದ ಇಳಿದು ಬರುವ ಒಕ್ಕಣೆ ‘ಅಲರ್ಟ್’ ಎನಿಸಿಕೊಳ್ಳುತ್ತದೆ. ಎರಡೂ ಸಾಮಾನ್ಯವಾಗಿ ಒಂದೇ ದಾರಿಯಿಂದ ಬರುತ್ತವಾದರೂ ಅವುಗಳ ಕೆಲಸ ಒಂದೇ ಅಲ್ಲ. ಬಿಡುವಾದಾಗ ನೋಡಿ ಎನ್ನುವುದು ಬ್ಯಾಡ್ಜ್. ಕೈಲಿರುವ ಕೆಲಸ ಬಿಟ್ಟು ಈಗಲೇ ನೋಡಿ ಎನ್ನುವುದು ಅಲರ್ಟ್. ಈ ಅಂತರವನ್ನು ಮರೆತು ಎಲ್ಲಕ್ಕೂ ಸದ್ದು ಮಾಡಿಸುವ ಆಪ್‌ನ ಬಾಯಿಯನ್ನು ಬಳಕೆದಾರರು ಒಂದಲ್ಲ ಒಂದು ದಿನ ಮುಚ್ಚಿಸುತ್ತಾರೆ. ಸೀರೆ ಮಾರುವ ಆಪ್‌ಗೆ ಅದರಿಂದ ಒಬ್ಬ ಗ್ರಾಹಕರು ಕೈತಪ್ಪಬಹುದು. ಸಿಡಿಲಿನ ಸುಳಿವು ನೀಡುವ ಆಪ್‌ಗೆ ಆಗುವ ನಷ್ಟ ಬೇರೆಯೇ ಬಗೆಯದು.

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಸುಲೇಪೇಟದಂತಹ ಊರನ್ನು ಮುಂದಿಟ್ಟುಕೊಂಡು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಸುತ್ತಲೂ ತೊಗರಿಯ ಬಯಲು ಹೊಲಗಳು. ಮುಂಗಾರಿಗೆ ಮುಂಚಿನ ಗುಡುಗು ಮಳೆಯ ದಿನಗಳಲ್ಲಿ ಹೊಲದಲ್ಲಿರುವವರಿಗೆ ಮರದ ನೆರಳೇ ಅಪಾಯದ ತಾಣ. ಮಳೆಗಾಲದಲ್ಲಿ ಮುಲ್ಲಾಮಾರಿ ಮತ್ತು ಕಾಗಿಣಾ ನದಿಗಳು ಉಕ್ಕಿದರೆ ಸೇಡಂ ತಾಲ್ಲೂಕಿನ ಮಳಖೇಡದ ಹಳೆಯ ಸೇತುವೆ ಮುಳುಗುವುದುಂಟು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆಪ್ ಇಂತಹವರಿಗಾಗಿ ರೂಪುಗೊಂಡಿತು. ಬಳಕೆದಾರರು ಇರುವ ಸ್ಥಳದಿಂದ 20 ಹಾಗೂ 40 ಕಿ.ಮೀ. ಸುತ್ತಳತೆಯ ಸಿಡಿಲನ್ನು ಅದು ತಿಳಿಸುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೂ ‘ಸಿಡಿಲು’ ಎಂಬ ಹೆಸರಿನಲ್ಲೇ ಆಪ್ ಹೊರತಂದಿತ್ತು. ಆದರೆ ಫೋನಿನಲ್ಲಿ ಆಪ್ ಇದ್ದ ಮಾತ್ರಕ್ಕೆ ಎಚ್ಚರಿಕೆ ಕಿವಿಗೆ ಬಿದ್ದಂತಾಗದು.

ಅಂಕಿಯ ಲೆಕ್ಕ ಯಾರದು?

ಆಪಲ್ ಸಂಸ್ಥೆಯು ತನ್ನ ಪುಶ್ ಸೂಚನಾ ಸೇವೆಯನ್ನು 2009ರಲ್ಲಿ ಆರಂಭಿಸಿದಂದಿನಿಂದ ಹೊಸ ತಂತ್ರಜ್ಞರು ಎಡವುವ ಸ್ಥಳ ಇದು. ಐಫೋನ್ ತಾನಾಗಿ ಅಂಕಿಯನ್ನು ಕೂಡುವುದಿಲ್ಲ. ಸರ್ವರ್ 5 ಎಂದು ಕಳುಹಿಸಿದರೆ ಐದು ಕಾಣುತ್ತದೆ, 0 ಎಂದರೆ ಬ್ಯಾಡ್ಜ್ ಅಳಿಯುತ್ತದೆ. ಪ್ರತಿ ಸಂದೇಶಕ್ಕೂ 1 ಎಂದೇ ಕಳುಹಿಸುವ ಆಪ್‌ನಲ್ಲಿ ಹತ್ತು ಸಂದೇಶ ಬಂದರೂ ಒಂದೇ ಕಾಣುವುದು ಈ ಕಾರಣದಿಂದ. ಓದದೆ ಉಳಿದವೆಷ್ಟು ಎಂಬ ಲೆಕ್ಕವನ್ನು ಸರ್ವರ್ ಇಟ್ಟುಕೊಳ್ಳಬೇಕು. ಬಳಕೆದಾರರು ಅದನ್ನು ಬೇರೊಂದು ಸಾಧನದಲ್ಲಿ ಓದಿದಾಗ ಹೊಸ ಅಂಕಿಯನ್ನಷ್ಟೇ ಹೊತ್ತ, ಸದ್ದಿಲ್ಲದ ಸೂಚನೆಯೊಂದನ್ನು ಕಳುಹಿಸಬೇಕು. ಇಲ್ಲವಾದರೆ ಓದಿ ಮುಗಿಸಿದ ಸುದ್ದಿಗೂ ಕೆಂಪು ಅಂಕಿ ಹೋಗದೆ ಕುಳಿತಿರುತ್ತದೆ. ಹೋಗದ ಅಂಕಿಯನ್ನು ಕಣ್ಣು ಬಲುಬೇಗ ಅಲಕ್ಷಿಸಲು ಕಲಿಯುತ್ತದೆ.

ಆಂಡ್ರಾಯ್ಡ್‌ನ ರೀತಿ ಬೇರೆ. 2017ರ ಆಂಡ್ರಾಯ್ಡ್ 8ರಿಂದ ಅಲ್ಲಿ ಅಂಕಿಗೆ ಬದಲಾಗಿ ಚುಕ್ಕೆ ಬಂದಿದೆ. ಮೇಲಿನ ಪಟ್ಟಿಯಲ್ಲಿರುವ ಸೂಚನೆಯನ್ನು ಸರಿಸಿಬಿಟ್ಟರೆ ಚುಕ್ಕೆಯೂ ಮಾಯ. ಕೆಲವು ಫೋನ್ ತಯಾರಕರು ಚುಕ್ಕೆಯ ಜಾಗದಲ್ಲಿ ಅಂಕಿಯನ್ನೇ ತೋರಿಸುತ್ತಾರಾದ್ದರಿಂದ, ಆಂಡ್ರಾಯ್ಡ್‌ನಲ್ಲಿ ಅಂಕಿಯನ್ನೇ ನಂಬಿ ಆಪ್ ಕಟ್ಟುವುದು ಜಾಣತನವಲ್ಲ.

ಒಂದೇ ಕೊಳವೆಯಲ್ಲಿ ಎಲ್ಲವೂ

ಅದೇ ಆಂಡ್ರಾಯ್ಡ್ 8 ‘ಚಾನೆಲ್’ ಎಂಬ ವ್ಯವಸ್ಥೆಯನ್ನು ತಂದಿತು. ಪ್ರತಿಯೊಂದು ಸೂಚನೆಯೂ ಯಾವುದಾದರೊಂದು ಚಾನೆಲ್‌ಗೆ ಸೇರಿರಲೇಬೇಕು. ಪ್ರತಿ ಚಾನೆಲ್‌ಗೂ ಪ್ರತ್ಯೇಕ ಸದ್ದು, ಕಂಪನ, ಮಹತ್ವ. ಚಾನೆಲ್ ಒಮ್ಮೆ ರಚನೆಯಾದ ಮೇಲೆ ಅದರ ಮಹತ್ವವನ್ನು ಹೆಚ್ಚಿಸುವ ಅಧಿಕಾರ ಆಪ್‌ಗೆ ಇಲ್ಲ, ಅದು ಬಳಕೆದಾರರದು. ಚಾನೆಲ್ ಅಳಿಸಿ ಅದೇ ಗುರುತಿನಲ್ಲಿ ಮರಳಿ ರಚಿಸಿದರೂ ಹಳೆಯ ಆಯ್ಕೆಯೇ ಮರಳುತ್ತದೆ. ಹೀಗಾಗಿ ಮೊದಲ ದಿನವೇ ವಿಂಗಡಣೆ ಸರಿಯಾಗಿರಬೇಕು. ಸಿಡಿಲು, ತೊಗರಿ ಧಾರಣೆ, ಆಪ್‌ನ ಹೊಸ ಆವೃತ್ತಿಯ ಪ್ರಚಾರ ಇವೆಲ್ಲವನ್ನೂ ‘ಸಾಮಾನ್ಯ’ ಎಂಬ ಒಂದೇ ಚಾನೆಲ್‌ಗೆ ತುರುಕಿದರೆ, ಪ್ರಚಾರಕ್ಕೆ ಬೇಸತ್ತು ಸದ್ದು ಅಡಗಿಸಿದ ರೈತರಿಗೆ ಸಿಡಿಲಿನ ಸದ್ದೂ ಅಡಗುತ್ತದೆ. ಬೇಸಾಯಕ್ಕೆಂದೇ ತಯಾರಾದ ಆಪ್‌ಗಳಲ್ಲಿಯೂ ಈ ದೋಷ ಇರಬಹುದೆಂಬುದು ವಿಷಾದದ ಸಂಗತಿ.

ಐಫೋನ್‌ನಲ್ಲಿ 2021ರ ಐಒಎಸ್ 15ರಿಂದ ಸೂಚನೆಗಳಿಗೆ ನಾಲ್ಕು ಮಟ್ಟಗಳಿವೆ. ಎಲ್ಲಕ್ಕಿಂತ ಮೇಲಿನದು ಫೋನ್ ಮೌನದಲ್ಲಿದ್ದರೂ ಕೂಗುತ್ತದೆ. ಅದನ್ನು ಬಳಸಲು ಆಪಲ್‌ನ ವಿಶೇಷ ಅನುಮತಿ ಬೇಕು. ಸೂಚನೆ ಕಳುಹಿಸಲು ಮೊದಲಿನಿಂದಲೂ ಐಫೋನ್‌ನಲ್ಲಿ, 2022ರ ಆಂಡ್ರಾಯ್ಡ್ 13ರಿಂದ ಆಂಡ್ರಾಯ್ಡ್‌ನಲ್ಲಿಯೂ ಬಳಕೆದಾರರ ಒಪ್ಪಿಗೆ ಅಗತ್ಯ. ಆಪ್ ತೆರೆದ ಕ್ಷಣದಲ್ಲೇ, ಕಾರಣ ತಿಳಿಸದೆ ಒಪ್ಪಿಗೆ ಕೇಳಿದರೆ ‘ಬೇಡ’ ಎಂಬ ಉತ್ತರ ಸಹಜ. ಐಫೋನ್‌ನಲ್ಲಿ ಎರಡನೆಯ ಬಾರಿ ಕೇಳುವ ಅವಕಾಶವಿಲ್ಲ. ಊರಿನ ಹೆಸರನ್ನು ಆರಿಸಿದ ಬಳಿಕ, ‘ಇಲ್ಲಿಯ ಸಿಡಿಲಿನ ಎಚ್ಚರಿಕೆ ಕಳುಹಿಸಬಹುದೆ?’ ಎಂದು ಕೇಳುವುದು ಮೇಲು.

ಹಳಸಿದ ಎಚ್ಚರಿಕೆ

ಗೂಗಲ್‌ನ ಸಂದೇಶ ಸೇವೆಯಲ್ಲಿ ಬೇರೇನೂ ನಮೂದಿಸದಿದ್ದರೆ ತಲುಪದ ಸೂಚನೆಯನ್ನು ನಾಲ್ಕು ವಾರಗಳವರೆಗೆ ಇರಿಸಿಕೊಳ್ಳಲಾಗುತ್ತದೆ. ಅರ್ಧ ಗಂಟೆಯ ಸಿಡಿಲಿನ ಎಚ್ಚರಿಕೆ, ಸಿಗ್ನಲ್ ಸಿಗದ ಹೊಲದಿಂದ ಮನೆಗೆ ಮರಳಿದ ಮೇಲೆ, ಬಾನು ತಿಳಿಯಾದ ಸಂಜೆಯಲ್ಲಿ ಗಂಟೆ ಬಾರಿಸುವುದು ಇದರಿಂದಲೇ. ಹಾಗೆ ಎರಡು ಬಾರಿ ಆದರೆ ಮೂರನೆಯದನ್ನು ಯಾರೂ ನಂಬರು. ಸಂದೇಶದ ಆಯುಷ್ಯವನ್ನು ಅಪಾಯದ ಅವಧಿಗೆ ಸರಿಹೊಂದಿಸುವುದು ಒಂದೇ ಸಾಲಿನ ಕೆಲಸ. ಇನ್ನೊಂದು ಸೂಕ್ಷ್ಮವಿದೆ: ಪರದೆ ಆರಿಸಿ ಜೇಬಿನಲ್ಲಿಟ್ಟ ಆಂಡ್ರಾಯ್ಡ್ ಫೋನ್ ಬ್ಯಾಟರಿ ಉಳಿಸಲು ನಿದ್ರೆಗೆ ಜಾರುತ್ತದೆ, ಸಾಮಾನ್ಯ ಆದ್ಯತೆಯ ಸಂದೇಶ ಆಗ ಕಾಯಬೇಕಾಗುತ್ತದೆ, ಹೆಚ್ಚಿನ ಆದ್ಯತೆಯದು ಎಬ್ಬಿಸುತ್ತದೆ. ಎಲ್ಲಕ್ಕೂ ಹೆಚ್ಚಿನ ಆದ್ಯತೆ ಹಚ್ಚಿ, ಪರದೆಯಲ್ಲಿ ಏನನ್ನೂ ತೋರಿಸದ ಆಪ್‌ನ ಆದ್ಯತೆಯನ್ನು ಗೂಗಲ್ ತಾನೇ ತಗ್ಗಿಸುತ್ತದೆ.

ಕ್ರಿಯಾಪದ ಕೊನೆಗೆ ಬರುವ ಭಾಷೆ

ಕನ್ನಡದ ಸೂಚನೆಗಳಿಗೆ ತಮ್ಮದೇ ತೊಡಕುಗಳಿವೆ. ‘ಸುಲೇಪೇಟ’ ಎಂಬ ಪದ ನಾಲ್ಕು ಅಕ್ಷರವಾಗಿ ಕಂಡರೂ ಗಣಕದಲ್ಲಿ ಏಳು ಸಂಕೇತಗಳು, ಒಟ್ಟು 21 ಬೈಟ್‌. ಪುಶ್ ಸೂಚನೆಗೆ 4 ಕೆಬಿ ಮಿತಿ ಇರುವುದರಿಂದ ಅಲ್ಲಿ ತೊಂದರೆಯಿಲ್ಲ. ಎಸ್‌ಎಂಎಸ್‌ನಲ್ಲಿ ಮಾತ್ರ ಇಂಗ್ಲಿಷ್‌ಗೆ 160 ಸಂಕೇತಗಳಿದ್ದರೆ ಕನ್ನಡಕ್ಕೆ 70 ಮಾತ್ರ. ಊರಿಗೊಂದು ಗುಂಪು ರಚಿಸುವಾಗ ಗೂಗಲ್ ಸೇವೆಯಲ್ಲಿ ಗುಂಪಿನ ಹೆಸರನ್ನು ಕನ್ನಡ ಲಿಪಿಯಲ್ಲಿ ಇಡಲಾಗದು; ಊರಿಗೊಂದು ಸಂಖ್ಯೆ ನೀಡಿ, ಹೆಸರನ್ನು ಪರದೆಯಲ್ಲಷ್ಟೇ ತೋರಿಸಬೇಕಾಗುತ್ತದೆ.

ಇದಕ್ಕಿಂತ ದೊಡ್ಡ ತೊಡಕು ವಾಕ್ಯದ್ದು. ಬೀಗ ಹಾಕಿದ ಪರದೆಯಲ್ಲಿ ಸೂಚನೆಯ ಮೊದಲ ಸಾಲಷ್ಟೇ ಕಂಡು ಉಳಿದದ್ದು ಕತ್ತರಿಸಿ ಹೋಗಬಹುದು. ‘ಚಿಂಚೋಳಿ ತಾಲ್ಲೂಕಿನ ಸುಲೇಪೇಟ ಹಾಗೂ ಸುತ್ತಮುತ್ತಲಿನ ಗ್ರಾಮಗಳ ವ್ಯಾಪ್ತಿಯಲ್ಲಿ ಮುಂದಿನ ಅರ್ಧ ಗಂಟೆಯಲ್ಲಿ ಸಿಡಿಲು ಬಡಿಯುವ ಸಂಭವವಿದೆ’ ಎಂಬ ವಾಕ್ಯದಲ್ಲಿ ವ್ಯಾಕರಣದೋಷವೇನೂ ಇಲ್ಲ. ಆದರೆ ಪರದೆಯಲ್ಲಿ ಉಳಿಯುವುದು ತಾಲ್ಲೂಕಿನ ಹೆಸರು. ಸಿಡಿಲು ಕತ್ತರಿಸಿ ಹೋದ ಭಾಗದಲ್ಲಿದೆ. ‘ಸಿಡಿಲು! ಸುಲೇಪೇಟ, 30 ನಿಮಿಷ. ಮರದಡಿ ನಿಲ್ಲಬೇಡಿ’ ಎಂದರೆ ಸಾಕು. ಕಚೇರಿಯ ಪ್ರಕಟಣೆಯನ್ನು ಹಾಗೆಯೇ ಸೂಚನೆಯಾಗಿಸುವ ಅಭ್ಯಾಸವೇ ಈ ತಪ್ಪಿನ ಮೂಲ.

4.1 ಮತ್ತು 4.5

ಯಾವುದಕ್ಕೆ ಸದ್ದು, ಯಾವುದಕ್ಕೆ ಅಂಕಿ ಎಂಬ ಪ್ರಶ್ನೆಯ ಕಠಿಣ ರೂಪ ಇದೇ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಕಾಣುತ್ತದೆ. 2021ರ ಅಕ್ಟೋಬರ್‌ನಲ್ಲಿ ಆ ಪರಿಸರದ ಭೂಮಿ ಮತ್ತೆ ಮತ್ತೆ ನಡುಗಿತು. 11ರ ರಾತ್ರಿಯ ಕಂಪನದ ಪ್ರಮಾಣ 4.1. ಜನ ಮನೆ ಬಿಟ್ಟು ಬಯಲಿನಲ್ಲಿ ರಾತ್ರಿ ಕಳೆದರು. ಆಂಡ್ರಾಯ್ಡ್ ಫೋನ್‌ಗಳ ಭೂಕಂಪ ಎಚ್ಚರಿಕೆ ಸೇವೆ ಭಾರತಕ್ಕೆ ಬಂದದ್ದು 2023ರ ಸೆಪ್ಟೆಂಬರ್‌ನಲ್ಲಿ. ಅದು 4.5 ಹಾಗೂ ಹೆಚ್ಚಿನ ಪ್ರಮಾಣಕ್ಕೆ ಮಾತ್ರ ಎಚ್ಚರಿಸುತ್ತದೆ: ಲಘು ಕಂಪನಕ್ಕೆ ಸಾಧಾರಣ ಸೂಚನೆ, ತೀವ್ರ ಕಂಪನಕ್ಕೆ ಮೌನವನ್ನೂ ಮೀರಿ ಪರದೆ ತುಂಬುವ ಕೂಗು. ಅಂದರೆ ಆ ರಾತ್ರಿ ಸೇವೆ ಇದ್ದಿದ್ದರೂ ಗಡಿಕೇಶ್ವಾರದ ಫೋನ್‌ಗಳು ಸುಮ್ಮನಿರುತ್ತಿದ್ದವು.

ಈ ಮಿತಿ ತಪ್ಪೆಂದು ಹೇಳಲಾಗದು. ಪ್ರತಿ ಸಣ್ಣ ನಡುಕಕ್ಕೂ ಕೂಗಿದರೆ ಸೇವೆಯನ್ನೇ ಆರಿಸುವವರು ಹೆಚ್ಚುತ್ತಾರೆ. ಆದರೆ ಬಯಲಿನಲ್ಲಿ ಮಲಗಿದವರಿಗೆ, ಈಗ ನಡುಗಿದ್ದು ಎಷ್ಟು, ನಿನ್ನೆಗಿಂತ ಹೆಚ್ಚೋ ಕಡಿಮೆಯೋ ಎಂಬ ಮಾಹಿತಿ ಬೇಕಿತ್ತು. ಅದು ಸದ್ದಿಲ್ಲದೆ ಪಟ್ಟಿಗೆ ಸೇರಿ, ಅಂಕಿಯಾಗಿ ಕಾಣಬೇಕಾದ ಸಂಗತಿ. ರಾಷ್ಟ್ರೀಯ ಭೂಕಂಪ ವಿಜ್ಞಾನ ಕೇಂದ್ರದ ‘ಭೂಕಂಪ್’ ಆಪ್ ಘಟನೆಯ ಬಳಿಕ ಇಂತಹ ವಿವರ ಒದಗಿಸುತ್ತದೆ.

ಆಪ್ ಇಲ್ಲದವರಿಗೆ ಇನ್ನೊಂದು ದಾರಿ ಇದೆ. ದೂರಸಂಪರ್ಕ ಇಲಾಖೆ 2023ರ ಅಕ್ಟೋಬರ್ 12ರಂದು ಕರ್ನಾಟಕದಲ್ಲಿ ‘ಸೆಲ್ ಬ್ರಾಡ್‌ಕಾಸ್ಟ್’ ಎಚ್ಚರಿಕೆಯನ್ನು ಪರೀಕ್ಷಿಸಿದಾಗ ರಾಜ್ಯದ ಬಹಳಷ್ಟು ಫೋನ್‌ಗಳು ಒಮ್ಮೆಗೇ ವಿಚಿತ್ರವಾಗಿ ಕೂಗಿದ್ದು ಓದುಗರಿಗೆ ನೆನಪಿರಬಹುದು. ಅದಕ್ಕೆ ಇಂಟರ್ನೆಟ್ ಬೇಡ, ಫೋನ್ ಸಂಖ್ಯೆಯೂ ಬೇಡ. ಟವರ್‌ನ ವ್ಯಾಪ್ತಿಯಲ್ಲಿದ್ದರೆ ಸಾಕು. ಆದರೆ ಅದು ಇಡೀ ಟವರ್‌ಗೆ ಒಂದೇ ಮಾತು ಹೇಳುತ್ತದೆ. ಅದರಲ್ಲಿ ಬ್ಯಾಡ್ಜ್‌ಗೆ ಜಾಗವಿಲ್ಲ.