ಜೂಡೋ ಕಲಿಸೋಕೆ ಎಷ್ಟು ಜಾಗ ಬೇಕು?

ಹನ್ನೆರಡು ಚಾಪೆ ಹಾಸುವಷ್ಟು! 1882ರಲ್ಲಿ ಟೋಕಿಯೋದ ಎಯಿಶೋಜಿ ಎಂಬ ಬೌದ್ಧ ದೇವಾಲಯದಲ್ಲಿ ಜಿಗೊರೊ ಕಾನೊ ಶುರು ಮಾಡಿದ ಕೊಡೊಕಾನ್ ಶಾಲೆಗೆ ಇದ್ದದ್ದು ಅಷ್ಟೇ ಜಾಗ. ಆತನಿಗಾಗ ಇನ್ನೂ 21 ವರ್ಷ, ಶಿಷ್ಯರು ಬೆರಳೆಣಿಕೆಯಷ್ಟು. ಅಲ್ಲಿ ಹುಟ್ಟಿದ ಜೂಡೋ 1964ರಲ್ಲಿ ಒಲಿಂಪಿಕ್ಸ್ ಸೇರಿತು.

ಎಳೆಯರನ್ನು ಹೀಗೆ ತಯಾರು ಮಾಡೋದು ನಮಗೂ ಹೊಸದಲ್ಲ ಬಿಡಿ. ನಮ್ಮ ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲೇ 'ಮಾನಸೋಲ್ಲಾಸ'ದಲ್ಲಿ ಕುಸ್ತಿಯ ಬಗ್ಗೆ ಬರೆದಿದ್ದಾನೆ. ಇಪ್ಪತ್ತರೊಳಗಿನ ಬೆಳೆಯುವ ಜಟ್ಟಿಗಳಿಗೆ 'ಭವಿಷ್ಣು' ಅಂತ ಬೇರೆ ಹೆಸರೇ ಇದೆ! ಜಟ್ಟಿಗಳ ಊಟ, ಸಾಧನೆಗೂ ಕ್ರಮ ಹೇಳಿದ್ದಾನೆ.

ಹಾಗಾದರೆ ಮಲ್ಲಿಪಟ್ಟಣದಂಥ ಊರಲ್ಲಿ ಜೂಡೋ ಕ್ಲಬ್ ಕಟ್ಟೋಕೆ ದೊಡ್ಡ ಕ್ರೀಡಾಂಗಣ ಬರಲಿ ಅಂತ ಕಾಯಬೇಕಾ? ಒಂದು ಸಮುದಾಯ ಭವನ, ಬಿದ್ದರೆ ಪೆಟ್ಟಾಗದಂಥ ಮ್ಯಾಟ್, ತಪ್ಪದೆ ಬರೋ ಒಬ್ಬ ಗುರು ಇದ್ದರೆ ಶುರು ಮಾಡಬಹುದು. ಮಕ್ಕಳ ಊಟದ ಲೆಕ್ಕ ಮಾತ್ರ ಮರೀಬಾರದು, ಸೋಮೇಶ್ವರನೇ ಹೇಳಿದ್ದಾನಲ್ಲ! ಏನಂತೀರಿ?